ಕಿವಿ ಕೊಯ್ದವರ ಪಾಲಾಗದ ಓಬಣ್ಣನವರು

ಕಲ್ಯಾಣದುರ್ಗ, ಕುಂದುರ್ಪಿ, ಬ್ರಹ್ಮಸಮುದ್ರ ಸೀಮೆಯಲ್ಲಿ ಕುರಿ ಸಾಕುವ ಮನೆಗಳೆಷ್ಟಿವೆಯೋ ಅಷ್ಟೂ ಮನೆಗಳಿಗೆ ಪಶುವೈದ್ಯಶಾಲೆಯ ಕಾಂಪೌಂಡರ್ ಶ್ರೀ ಓಬಣ್ಣನವರ ಹೆಸರು ಗೊತ್ತು. ಅಲ್ಲಿ ವೈದ್ಯನಾಗಿದ್ದ ನನ್ನ ಹೆಸರು ಎಷ್ಟು ಜನಕ್ಕೆ ಗೊತ್ತಿತ್ತೆಂದು ದಯವಿಟ್ಟು ಕೇಳಬೇಡಿ. ನನ್ನನ್ನು ‘ಓಬಣ್ಣನ ಡಾಕ್ಟ್ರು’ ಎಂದೇ ಕರೆಯುತ್ತಿದ್ದರು, ಮೊದಮೊದಲು ನನಗೆ ಅದರಿಂದ ಸಿಟ್ಟೂ ಬರುತ್ತಿತ್ತು. ದೀರ್ಘ ಸೇವೆಯ ಬಳಿಕ ನಿವೃತ್ತರಾಗುತ್ತಿರುವ ಅವರನ್ನು ಕುರಿತು ಈ ಅಭಿನಂದನಾ ಸಂಪುಟಕ್ಕೆ ಬರೆಯಬೇಕೆಂದು ಮಿತ್ರರು ಕೇಳಿದಾಗ, ಬಾಲ್ಯದ ವಿಷಯ ಎತ್ತಲೋ ಬೇಡವೋ ಎಂದು ಅವರನ್ನೇ ವಿಚಾರಿಸಿದೆ. “ಬರೀರಿ ಸಾರ್, ಅದೇನು ನಾನು ಮಾಡಿದ್ ತಪ್ಪಾ?” ಎಂದರು. ಆದ್ದರಿಂದ ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ.

ಓಬಣ್ಣನವರು ಹುಟ್ಟಿದ್ದು ೧೯೪೦ರಲ್ಲಿ, ಗೋರಂಟ್ಲದ ಕಡೆಯ ಒಂದು ಹಳ್ಳಿಯಲ್ಲಿ. ಹೊಲಮನೆಯಿದ್ದ ಕುಟುಂಬ, ಹೊಟ್ಟೆಗಿಲ್ಲದೆ ಕದಿಯುವ ಗತಿ ಅವರದಾಗಿರಲಿಲ್ಲ. ಆದರೂ ತಂದೆತಾಯಿ ಇಬ್ಬರೂ ಕುರಿಗಳ್ಳತನವನ್ನೇ ಕಸುಬು ಮಾಡಿಕೊಂಡಿದ್ದರು. ನಮ್ಮ ಸೀಮೆಯಲ್ಲಿ ಪ್ರತಿಯೊಂದು ಮನೆಯವರೂ ತಮ್ಮ ಕುರಿಮರಿಗಳ ಕಿವಿಯನ್ನು ತಮ್ಮದೇ ರೀತಿಯಲ್ಲಿ ಕೊಯ್ದು ಗುರುತು ಮಾಡುತ್ತಾರೆ. ಕದ್ದ ಕುರಿಯ ಕಿವಿಯನ್ನು ಇನ್ನಷ್ಟು ಕೊಯ್ದು ಗುರುತು ಬದಲಿಸುವ ಕೆಲಸ ತಾಯಿಯದು, ಕುರಿಯ ತಲೆ ಹಿಡಿದುಕೊಳ್ಳುವ ಕೆಲಸ ಮಗನದು. ಅದಕ್ಕೂ ಮೊದಲು, ದಿಕ್ಕಿಲ್ಲದ ಹುಡುಗನೆಂದು ಹೇಳಿಸಿ ಕುರಿ ಕಾಯುವವರ ನಡುವೆ ಅವನನ್ನು ಬಿಡುತ್ತಿದ್ದರು. ಅನ್ನವಿಟ್ಟವರ ಮಂದೆಯಿಂದಲೇ ಅವನು ಕುರಿಗಳನ್ನು ಹೊಡೆದುಕೊಂಡು ಬರಬೇಕಿತ್ತು. ಬರಿಗೈಯಲ್ಲಿ ಬಂದರೆ ಬಾರುಕೋಲಿನ ಏಟು, ಒಮ್ಮೊಮ್ಮೆ ಕಾದ ಕಬ್ಬಿಣದ ಬರೆ.

ಹನ್ನೆರಡನೆಯ ವಯಸ್ಸಿನಲ್ಲಿ ಒಂದು ದಿನ, ತನಗೆ ಮುದ್ದೆಯಿಕ್ಕಿದ್ದ ಮುದುಕಿಯ ಕುರಿಯಿದು ಎಂದು ಗುರುತಿಸಿದ ಹುಡುಗ ಅದರ ತಲೆ ಹಿಡಿಯಲು ಒಪ್ಪಲಿಲ್ಲ. ಅಪ್ಪ ಕುರಿಯ ಕಿವಿಗೆಂದು ತಂದಿದ್ದ ಚೂರಿಯಿಂದಲೇ ಮಗನ ಎಡಗಿವಿಯ ಅಂಚನ್ನು ಕೊಯ್ದ. (ಈ ಮನುಷ್ಯನಿಗೆ ಗೌರವ ಕೊಟ್ಟು ಬರೆಯಲು ನನ್ನ ಕೈ ಏಳುವುದಿಲ್ಲ, ಸಂಪಾದಕರು ತಿದ್ದದಿರಲಿ.) “ನೀನೂ ನಮ್ ಕುರೀನೇ ಕಣ್ಲಾ. ಎಲ್ಲಿಗೋದ್ರೂ ನಮ್ಮೋನೇ” ಎಂದನಂತೆ. ಗಾಯ ಮಾಯಿತು, ಮಾತು ಮಾಯಲಿಲ್ಲ. ತಾನು ನಿಜಕ್ಕೂ ಅವರವನೇ ಆಗಿಬಿಟ್ಟರೆ ಎಂಬ ಭಯ ಓಬಣ್ಣನವರನ್ನು ಬಹುಕಾಲ ಬಿಡಲಿಲ್ಲ.

ಆಮೇಲೊಂದು ದಿನ, ಕದ್ದ ಕುರಿಗಳ ಜೊತೆ ಅವನನ್ನೂ ಹತ್ತಿಸಿಕೊಂಡಿದ್ದ ಲಾರಿ ಹಿಂದೂಪುರ ತಲುಪಿದಾಗ ಹುಡುಗ ಧುಮುಕಿ ಓಡಿದ. ಅಡಗಿಕೊಂಡಿದ್ದು ನೇಕಾರ ಕೇಶವಯ್ಯನವರ ಹಿತ್ತಲಲ್ಲಿ. ಅವರ ಮಡದಿ ಪದ್ಮಾವತಮ್ಮನವರು ಕಂಡು, ತಮ್ಮ ತೆಲುಗು ಬೆರೆತ ಕನ್ನಡದಲ್ಲಿ, “ರಾ ನಾಯನಾ, ಮೊದ್ಲು ಉಣ್ಣು ಬಾ. ಅಳಾದೆಲ್ಲ ಆಮೇಲೆ” ಎಂದು ಒಳಗೆ ಕರೆದರು. ಯಾರಾದರೂ ಕೈಯೆತ್ತಿದರೆ ಸಾಕು, ಹುಡುಗ ಮುದುಡಿ ಮೂಲೆ ಸೇರುತ್ತಿದ್ದ. ಮಗ್ಗದಲ್ಲಿ ಕೂತವರು ಲಾಳಿಯ ಹಗ್ಗ ಎಳೆಯಲು ಕೈಯೆತ್ತದೆ ಆಗುತ್ತದೆಯೇ? ಅದಕ್ಕೆ ಕೇಶವಯ್ಯನವರು ನೇಯಲು ಕೂರುವಾಗಲೆಲ್ಲ, “ಕೈ ಎತ್ತುತೀನಿ ಕಣಪ್ಪ, ಹಗ್ಗಕ್ಕೆ” ಎಂದು ಹೇಳಿಯೇ ಶುರುಮಾಡುತ್ತಿದ್ದರು. ಒಂದು ದಿನ ಅವರು ಹೇಳುವುದನ್ನು ಮರೆತರು, ಹುಡುಗ ಹೆದರುವುದನ್ನು ಮರೆತ. ಪದ್ಮಾವತಮ್ಮನವರು ಅಂದು ಪಾಯಸ ಮಾಡಿದರಂತೆ. ಮರುವರ್ಷ ಅವನ ತಂದೆತಾಯಿ ಸಿಕ್ಕಿಬಿದ್ದು ಜೈಲು ಸೇರಿದರು. ಹುಡುಗ ಆ ಮನೆಯಲ್ಲೇ ಬೆಳೆದು, ಓದಿ, ೧೯೬೦ರಲ್ಲಿ ನಮ್ಮ ಕಲ್ಯಾಣದುರ್ಗದ ಪಶುವೈದ್ಯಶಾಲೆಗೆ ಕಾಂಪೌಂಡರ್ ಆಗಿ ಬಂದರು. ಎಡಗಿವಿ ಮುಚ್ಚುವಂತೆ ರುಮಾಲು ಸುತ್ತುತ್ತಿದ್ದರು. ಅದು ಶೋಕಿಯೆಂದು ನಾನು ಚೇಷ್ಟೆ ಮಾಡುತ್ತಿದ್ದೆ.

೧೯೬೨ರಲ್ಲಿ ಕುಂದುರ್ಪಿಯ ಕಡೆ ಕುರಿಗಳಿಗೆ ಸಿಡುಬು ಬಂತು. ಲಸಿಕೆ ಹಿಡಿದು ಅಲ್ಲಿನ ಕುರಿಗಾಹಿಗಳ ಹಿರಿಯ ಮುನೆಪ್ಪನವರ ರೊಪ್ಪಕ್ಕೆ, ಅಂದರೆ ಮುಳ್ಳುಬೇಲಿಯ ಕುರಿದೊಡ್ಡಿಗೆ, ನಾವಿಬ್ಬರೂ ಹೋದೆವು. ಬಾಗಿಲಲ್ಲಿದ್ದವನೊಬ್ಬ ಓಬಣ್ಣನವರ ಮುಖದಲ್ಲಿ ಅವರಪ್ಪನ ಹೋಲಿಕೆ ಕಂಡು ಕೂಗಿದ: “ಆ ಕುರಿಗಳ್ಳನ ಮಗ ಅಲ್ವೇನ್ಲಾ ನೀನು? ಒಳೀಕೆ ಕಾಲಿಟ್ಟೀಯ, ಹುಷಾರು!” ನಾನು ಸರ್ಕಾರ, ಕಾನೂನು ಎಂದು ಎಗರಾಡಿದೆ. ನನ್ನ ಕಡೆ ಯಾರೂ ತಿರುಗಿ ಸಹ ನೋಡಲಿಲ್ಲ.

ಓಬಣ್ಣನವರು ರುಮಾಲು ಬಿಚ್ಚಿದರು. “ಹೂಂ ಕಣಣ್ಣ, ಅವ್ನ ಮಗನೇ. ಕುರಿ ತಲೆ ಹಿಡಿಯಾಕಿಲ್ಲ ಅಂದಿದ್ಕೆ ನನ್ಗೂ ಅವ್ರ ಗುರ್ತು ಹಾಕ್ಬುಟ್ರು, ಇಗೋ ನೋಡಿ. ನನ್ನ ಬಿಡ್ದಿದ್ರೆ ಬ್ಯಾಡ, ಡಾಕ್ಟ್ರ ಕೈಲಿ ಸೂಜಿ ಹಾಕಿಸ್ಕಳ್ರಿ. ಕುರಿ ಉಳ್ಕಳ್ಲಿ.”

ಕುರಿಯೊಂದು ಯಾರದೆಂದು ಜಗಳ ಬಂದರೆ ಅಲ್ಲಿನವರು ತೀರ್ಮಾನಿಸುವ ರೀತಿಯೊಂದಿದೆ. ಎರಡು ಮಂದೆಗಳ ನಡುವೆ ಆ ಕುರಿಯನ್ನು ಬಿಡುತ್ತಾರೆ. ಅದು ತಾನಾಗಿ ಯಾವ ಮಂದೆಗೆ ನಡೆದು ಸೇರುತ್ತದೋ ಅವರದೇ ಕುರಿ, ಕಿವಿಯ ಗುರುತು ಏನೇ ಇರಲಿ. ಮುನೆಪ್ಪನವರು ಎದ್ದು ಬಂದು ಆ ಕಿವಿಯನ್ನು ಮುಟ್ಟಿ ನೋಡಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ಅಂದರು: “ಕಿವಿ ಕೊಯ್ದೋರ್ದಲ್ಲ ಕಣ್ಲಾ ಕುರಿ, ತಾನಾಗೇ ಯಾರತಾವ ಬಂದು ನಿಂತ್ಕಂತೋ ಅವ್ರದು. ನೀನು ನಮ್ತಾವ ಬಂದಿದ್ದೀಯ. ಒಳೀಕೆ ಬಾ.”

ಸಂಜೆಯವರೆಗೂ ಸೂಜಿ ಹಾಕಿದೆವು. ರುಮಾಲು ಬೇಲಿಯ ಮೇಲೆಯೇ ಉಳಿಯಿತು; ಓಬಣ್ಣನವರು ಮತ್ತೆಂದೂ ಕಿವಿ ಮುಚ್ಚಿಕೊಳ್ಳಲಿಲ್ಲ. ಆ ಮಂದೆ ಉಳಿಯಿತು, ಸುತ್ತಲ ಹಳ್ಳಿಗಳವರು ತಾವೇ ಬಂದು ಅವರನ್ನು ಕರೆದುಕೊಂಡು ಹೋಗತೊಡಗಿದರು. ಅಂದು ನನಗಾದ ಸಂತೋಷ ಮುಂದೆ ಬಡ್ತಿ ಸಿಕ್ಕಾಗಲೂ ಆಗಲಿಲ್ಲ.

ಮುನೆಪ್ಪನವರ ತಮ್ಮನ ಮಗಳು ಚಿನ್ನಕ್ಕನವರನ್ನು ಕೊಡುತ್ತೇವೆಂದಾಗ ಮಾತ್ರ ಓಬಣ್ಣನವರು ಹಿಂಜರಿದರು. “ನಾಳೆ ಮಗು ಆಗಿ, ನನ್ ಕೈ ನಮ್ಮಪ್ಪನ ಕೈ ಆಗ್ಬುಟ್ರೆ ಸಾರ್?” ಎಂದು ನನ್ನೆದುರು ಕಣ್ಣೀರಿಟ್ಟರು. ಮಾತು ಚಿನ್ನಕ್ಕನವರ ಕಿವಿಗೂ ಬಿತ್ತು. “ಎತ್ಲಿ ನೋಡಾನ ಕೈನ. ನಾನೇನು ಸುಮ್ಕೆ ಕುಂತಿರ್ತೀನಾ?” ಎಂದು ಆ ತಾಯಿ ನಕ್ಕರು. ೧೯೬೪ರಲ್ಲಿ ಮದುವೆಯಾಯಿತು, ವರನ ತಂದೆತಾಯಿಯ ಸ್ಥಾನದಲ್ಲಿ ಕೇಶವಯ್ಯ ದಂಪತಿಗಳು ಹಿಂದೂಪುರದಿಂದ ಬಂದು ನಿಂತರು.

ಆದರೆ ಆ ಭಯಕ್ಕೆ ಉತ್ತರ ಸಿಕ್ಕಿದ್ದು ೧೯೬೯ರಲ್ಲಿ. ಅವರ ಮಗಳು ನಿರ್ಮಲಾಗೆ ಆಗ ನಾಲ್ಕು ವರ್ಷ. ವೈದ್ಯಶಾಲೆಗೆ ಬಂದಿದ್ದ ಮಗು, ಅನಂತಪುರದಿಂದ ಐಸಿನಲ್ಲಿಟ್ಟು ತರಿಸಿದ್ದ ಲಸಿಕೆಯ ಫ್ಲಾಸ್ಕನ್ನು ಎಳೆದು ಕೆಡವಿತು. ಸೀಸೆಗಳೆಲ್ಲ ಚೂರು. ನನ್ನ ಬಾಯಿ ಹೇಗೆಂದು ಎಲ್ಲರಿಗೂ ಗೊತ್ತು, ಗುಡುಗಿದೆ. ಮಗು ಬೆಚ್ಚಿತು. ಬಾಗಿಲು ಪಕ್ಕದಲ್ಲೇ ತೆರೆದಿತ್ತು, ಹೊರಗೆ ಓಡಬಹುದಿತ್ತು. ಆದರೂ ಅದು ಗಾಜಿನ ಚೂರುಗಳನ್ನು ಸುತ್ತಿ ಬಳಸಿ, ಕೋಣೆಯ ಆ ತುದಿಯಲ್ಲಿದ್ದ ಅಪ್ಪನ ಬಳಿಗೆ ಓಡಿ, ಪಂಚೆಯಲ್ಲಿ ಮುಖ ಹುದುಗಿಸಿಕೊಂಡಿತು. ಓಬಣ್ಣನವರು ಮಗಳ ತಲೆಯ ಮೇಲೆ ಕೈಯಿಟ್ಟು, “ನೋಡಿದ್ರಾ ಸಾರ್? ತಪ್ಪು ಮಾಡಿ ನನ್ತಾವ್ಕೇ ಬಂದ್ಲು” ಎಂದರು. ಲಸಿಕೆ ಹಾಳಾದದ್ದು ನನಗೆ ಮರೆತೇಹೋಯಿತು.

ಅಂಥ ಮನೆಯಲ್ಲಿ ಹುಟ್ಟಿ ಇಂಥ ಮನೆಯನ್ನು ಕಟ್ಟಿದ ಶ್ರೀ ಓಬಣ್ಣನವರಿಗೆ ಆಯುಸ್ಸೂ ಆರೋಗ್ಯವೂ ತುಂಬಿರಲಿ. ಕುರಿರೊಪ್ಪಗಳ ಬಾಗಿಲು ಅವರಿಗೆ ಸದಾ ತೆರೆದಿರಲಿ. ಅವರ ಮೊಮ್ಮಕ್ಕಳು ಇನ್ನೂ ಬಹಳ ವರ್ಷ ಸಿಕ್ಕಿದ್ದನ್ನೆಲ್ಲ ಒಡೆದುಹಾಕಿ, ಬೈಸಿಕೊಂಡು, ಅಳುತ್ತ ಈ ತಾತನ ಹತ್ತಿರಕ್ಕೇ ಓಡಿ ಬರುತ್ತಿರಲಿ.