ಹದಿನಾರು ಚೌಕಕ್ಕೆ ಒಗ್ಗದ ಮಟ್ಟು

ದಹಿಸರ್‌ನಲ್ಲಿ ಬೆಳಗಿನ ಏಳು ಹತ್ತರ ಲೋಕಲ್ ಹಿಡಿದರೆ ಶೀಲಾವತಿಯವರಿಗೆ ಲೇಡೀಸ್ ಡಬ್ಬಿಯಲ್ಲಿ ಫೋರ್ತ್ ಸೀಟಾದರೂ ಸಿಗುತ್ತಿತ್ತು. ಮೂವರು ಕೂರುವ ಬೆಂಚಿನ ತುದಿಗೆ ಅರ್ಧ ಮೈ ಆನಿಸುವ ಜಾಗ ಅದು. ಕೂತ ಮೇಲೆ ಅವರ ಬಲಗೈ ಬ್ಯಾಗಿನ ಮೇಲೆ ಮೆಲ್ಲಗೆ ಆಡುತ್ತಿತ್ತು. ಮೂರು ಬೆರಳು ಆಡುತ್ತಿದ್ದವು. ಕಿರುಬೆರಳು ಮತ್ತು ಉಂಗುರದ ಬೆರಳು ಸುಮ್ಮನೆ ಬಿದ್ದಿರುತ್ತಿದ್ದವು.

ಅವರಿಗೆ ಐವತ್ನಾಲ್ಕು. ಪರೇಲಿನ ಒಂದು ಆಸ್ಪತ್ರೆಯ ಕೌಂಟರಿನಲ್ಲಿ ಕೇಸ್ ಪೇಪರ್ ಬರೆಯಲು ಕೂತು ಇಪ್ಪತ್ತೇಳು ವರ್ಷವಾಗಿತ್ತು. ಶನಿವಾರ ಸಂಜೆ ಡ್ಯೂಟಿ ಮುಗಿಸಿ ಸಯನ್‌ನ ಭಜನಾ ಮಂಡಳಿಗೆ ಹೋಗಿ ಹಾರ್ಮೋನಿಯಂ ನುಡಿಸುತ್ತಿದ್ದರು. ಕಳೆದ ದೀಪಾವಳಿಯ ಹೊತ್ತಿಗೆ ಕೈಯ ನರ ಒತ್ತಿಹೋಗಿ ಎರಡು ಬೆರಳು ಮರಗಟ್ಟಿದವು. ಈಗ ಆ ಪೆಟ್ಟಿಗೆಯ ಮುಂದೆ ಹರಿಣಿ ಎಂಬ ಹುಡುಗಿ ಕೂರುತ್ತಾಳೆ. ಶೀಲಾವತಿ ಗೋಡೆಗೆ ಒರಗಿ ಚಪ್ಪಾಳೆ ಹಾಕುತ್ತಾರೆ.

ಪೆಟ್ಟಿಗೆ ಬಿಟ್ಟುಕೊಟ್ಟದ್ದಕ್ಕೆ ಅವರು ಅಷ್ಟೇನೂ ನೊಂದಿರಲಿಲ್ಲ. ಚಿಂತೆ ಬೇರೆ ಇತ್ತು. ಆರತಿಗೆ ಬತ್ತಿ ಹೊತ್ತಿಸುವಾಗ, ಜನ ಎದ್ದು ಸೆರಗು ಸರಿಮಾಡಿಕೊಳ್ಳುವಷ್ಟು ಹೊತ್ತು, ಅವರು ಒಂದು ಮಟ್ಟು ನುಡಿಸುತ್ತಿದ್ದರು. ಅದು ಅವರೇ ಕಟ್ಟಿದ್ದು. ಏಳಕ್ಷರದ ತ್ರಿಪುಟ ತಾಳ, ಹನ್ನೆರಡು ಆವರ್ತನ. ಯಾರೂ ಕಿವಿಗೊಟ್ಟು ಕೇಳಿರಲಿಲ್ಲ, ಅವರೂ ಬರೆದಿಟ್ಟಿರಲಿಲ್ಲ. ಬಾಯಲ್ಲಿ ಹಾಡಲು ಹೋದರೆ ಅರ್ಧಕ್ಕೇ ಬೇರೆ ಭಜನೆಗೆ ಜಾರುತ್ತಿತ್ತು. ಮಟ್ಟು ತಲೆಯಲ್ಲಿರಲಿಲ್ಲ, ಬೆರಳಲ್ಲಿತ್ತು. ಎರಡು ಬೆರಳು ಹೋದ ಮೇಲೆ ಉಳಿದ ಮೂರೂ ದಿನಕ್ಕಿಷ್ಟು ಮರೆಯುತ್ತಿದ್ದವು. ಪೂರ್ತಿ ಹೋಗುವ ಮೊದಲು ಅದನ್ನು ಎಲ್ಲಾದರೂ ಹಿಡಿದಿಡಬೇಕಿತ್ತು.

ಮಗಳು ಲಾವಣ್ಯಾ ಜಾಹೀರಾತಿನ ಸ್ಟುಡಿಯೋ ಒಂದರಲ್ಲಿ ಶಬ್ದ ಜೋಡಿಸುವ ಕೆಲಸದಲ್ಲಿದ್ದಳು. ಮೊದಲು ಫೋನಿಗೆ ಹಾರ್ಮೋನಿಯಂ ಆಪ್ ಹಾಕಿಕೊಟ್ಟಳು.

"ಇದು ಪೆಟ್ಟಿಗೆಯ ಹಾಗೆ ನಾಟಕ ಮಾಡ್ತದೆ, ಅಷ್ಟೇ. ಗಾಳಿಯೇ ಇಲ್ಲ ಇದಕ್ಕೆ. ತೆಗಿ ಮಾರಾಯ್ತಿ" ಎಂದರು ಶೀಲಾವತಿ.

"ತೋ ಫಿರ್ ಚಿಪ್‌ಟ್ಯೂನ್ ಮಾಡು ಅಮ್ಮ. ಹಳೇ ಟಿವಿ ಗೇಮ್ ಸೌಂಡ್ ಗೊತ್ತಲ್ಲ, ಟೀಂವ್ ಟೀಂವ್? ಅದು ಯಾರದ್ದೂ ನಕಲು ಅಲ್ಲ. ಒಂದೊಂದೇ ಸ್ವರ ಇಡೋದು. ಏಕ್ ಉಂಗ್ಲಿ ಸಾಕು."

"ಒಂದು ಬೆರಳು ಉಂಟು" ಎಂದರು ತಾಯಿ.

ಮಗಳು ಎರಡು ಆಪ್ ಹಾಕಿದಳು. ಒಂದರಲ್ಲಿ ಸಾಲಿಗೆ ಹದಿನಾರು ಬಣ್ಣದ ಚೌಕ, ಮುಟ್ಟಿದಲ್ಲಿ ಸ್ವರ. ಇನ್ನೊಂದು ಟ್ರ್ಯಾಕರ್. ಕಪ್ಪು ಪರದೆ, ಮೇಲಿನಿಂದ ಕೆಳಗೆ ಇಳಿಯುವ ಅಂಕಿ ಮತ್ತು ಅಕ್ಷರಗಳ ಕಂಬಸಾಲು. "ಇದನ್ನ ಮುಟ್ಬೇಡ, ಇದು ಪ್ರೊಫೆಷನಲ್ ಲೋಗ್ ಯೂಸ್ ಮಾಡ್ತಾರೆ. ಬಿಗಿನರ್‌ಗೆ ಬಣ್ಣದ್ದೇ ಬೆಸ್ಟ್."

ಮೂರು ವಾರ ಶೀಲಾವತಿ ಹೋಗುತ್ತಾ ಬರುತ್ತಾ ಎಡಗೈಯ ಹೆಬ್ಬೆರಳಿನಿಂದ ಚೌಕ ತುಂಬಿದರು. ಬಲಗೈ ಬ್ಯಾಗಿನ ಮೇಲೆ ನೆನಪಿಸಿಕೊಡುತ್ತಿತ್ತು. ಮೂರು ಬೆರಳು ಹೇಳಿದ್ದನ್ನು ಇಟ್ಟು, ಉಳಿದೆರಡು ಏನು ಹೇಳುತ್ತಿದ್ದವೆಂದು ಊಹಿಸಬೇಕಿತ್ತು. ಊಹೆ ಕಷ್ಟವಾಗಲಿಲ್ಲ. ಕಷ್ಟ ಕೊಟ್ಟದ್ದು ಹದಿನಾರು. ಏಳೂ ಏಳೂ ಹದಿನಾಲ್ಕಾದ ಮೇಲೆ ಎರಡು ಚೌಕ ಉಳಿಯುತ್ತಿದ್ದವು. ಖಾಲಿ ಬಿಟ್ಟರೆ ಮಟ್ಟು ಪ್ರತಿ ಸಾಲಿನ ಕೊನೆಗೂ ಏದುಸಿರು ಬಿಟ್ಟು ನಿಲ್ಲುತ್ತಿತ್ತು. ಹೇಗಾದರೂ ಆಗಲಿ ಎಂದು ಪ್ರತಿ ಏಳರ ಕೊನೆಯ ಸ್ವರವನ್ನು ಎರಡು ಚೌಕಕ್ಕೆ ಎಳೆದರು. ಏಳು ಎಂಟಾಯಿತು. ಕೇಳಲು ಚೊಕ್ಕಟವಾಗಿಯೇ ಇತ್ತು.

ಒಂದು ಬೆಳಿಗ್ಗೆ ಅಂಧೇರಿ ದಾಟುವಾಗ ನೋಡಿಕೊಂಡರು. ಬ್ಯಾಗಿನ ಮೇಲೆ ಬೆರಳುಗಳು ಎಂಟು ಎಣಿಸುತ್ತಿದ್ದವು. ಏಳಕ್ಕೆ ಮರಳಿಸಲು ನೋಡಿದರು, ಬರಲಿಲ್ಲ. ಮಟ್ಟು ಉಳಿಸಲು ಹಾಕಿಕೊಂಡ ಆಪ್ ಅದರ ಜಾಗದಲ್ಲಿ ಇನ್ನೊಂದನ್ನು ಕೂರಿಸುತ್ತಿತ್ತು. ಇಳಿಯುವ ಮೊದಲು ಆಪನ್ನು ಅಳಿಸಿ ಹಾಕಿದರು. ಆ ದಿನ ಕೌಂಟರಿನಲ್ಲಿ ಒಬ್ಬರ ವಯಸ್ಸನ್ನು ಎರಡು ಸಲ ತಪ್ಪು ಬರೆದರು.

ಎಂಟು ದಿನ ಫೋನಿನಲ್ಲಿ ಏನನ್ನೂ ಕೇಳಲಿಲ್ಲ. ಬಲಗೈಯನ್ನು ಸೆರಗಿನೊಳಗೆ ಸುತ್ತಿಟ್ಟುಕೊಂಡು ನಿದ್ದೆ ಮಾಡುತ್ತಾ ಹೋಗಿ ಬಂದರು. ಒಂಬತ್ತನೆಯ ದಿನ ಕೈ ಬಿಚ್ಚಿ ಬ್ಯಾಗಿನ ಮೇಲಿಟ್ಟಾಗ ಬೆರಳು ಅಳುಕುತ್ತಾ ಮೂರು, ಎರಡು, ಎರಡು ಎಂದು ಹೊರಟವು.

ಆಗ ಅವರು, ಮಗಳು ಮುಟ್ಟಬೇಡ ಎಂದಿದ್ದ ಟ್ರ್ಯಾಕರ್ ತೆರೆದರು. ಹೆದರಿಕೆ ಹುಟ್ಟಿಸುವಂಥದ್ದು ಅಲ್ಲೇನೂ ಕಾಣಲಿಲ್ಲ. ಅದೊಂದು ರಿಜಿಸ್ಟರ್. ಮೇಲಿನಿಂದ ಕೆಳಗೆ ಸಾಲು, ಸಾಲಿಗೊಂದು ನಂಬರು, ಪಕ್ಕದ ಕಾಲಂನಲ್ಲಿ ಸ್ವರ, ಅದರ ಪಕ್ಕ ಎಷ್ಟು ಜೋರು ಎಂಬುದು. ಒಂಬತ್ತಾದ ಮೇಲೆ ಹತ್ತರ ಬದಲು ಎ ಬರುತ್ತಿತ್ತು. ಅಪಶಕುನದ ಹದಿಮೂರನೇ ಹಾಸಿಗೆಗೆ ಹನ್ನೆರಡು-ಎ ಎಂದು ಬರೆದೇ ಇಪ್ಪತ್ತೇಳು ವರ್ಷ ಕಳೆದವರಿಗೆ ಅದೇನು ದೊಡ್ಡದು? ಪುಟಕ್ಕೆ ಅರವತ್ನಾಲ್ಕು ಸಾಲು ಎಂದಿದ್ದಲ್ಲಿ ಅಳಿಸಿ ಇಪ್ಪತ್ತೆಂಟು ಎಂದು ಹಾಕಿದರು. ತಕರಾರಿಲ್ಲದೆ ಒಪ್ಪಿತು. ಏಳರ ನಾಲ್ಕು ಆವರ್ತನ ಒಂದು ಪುಟ. ಮೂರು ಪುಟವಾದರೆ ಮಟ್ಟು ಮುಗಿಯಿತು.

ಹನ್ನೊಂದು ಆವರ್ತನ ಸಿಕ್ಕಿದವು. ಒಂಬತ್ತನೆಯದು ಮಾತ್ರ ಸಿಗಲಿಲ್ಲ. ಅದು ಪೂರ್ತಿ ಆ ಎರಡು ಬೆರಳುಗಳದ್ದೇ ಆಗಿತ್ತೋ ಏನೋ. ಹತ್ತು ದಿನ ಕಾದರು. ಏನಾದರೊಂದು ತುಂಬಿಸಬಹುದಿತ್ತು. ಎಳೆದು ತುಂಬಿಸಿದ್ದರ ಫಲ ಒಮ್ಮೆ ನೋಡಿಯಾಗಿತ್ತು. ಆ ಏಳು ಸಾಲು ಖಾಲಿ ಬಿಟ್ಟರು.

ಶನಿವಾರ ಸಯನ್‌ನಲ್ಲಿ ಆರತಿಗೆ ಬತ್ತಿ ಹೊಸೆಯುತ್ತಿದ್ದಾಗ ಫೋನಿನಲ್ಲಿ ಮಟ್ಟು ಹಚ್ಚಿ ಮಂಡಳಿಯ ಹಿರಿಯರಾದ ಕೊರಗಣ್ಣನ ಎದುರು ಇಟ್ಟರು. ಅವರ ಕೈಯಲ್ಲಿ ತಾಳವಿತ್ತು.

"ಇದೆಂಥದ್ದು ಶೀಲಕ್ಕ? ಯಾರೋ ಲಿಫ್ಟಿನ ಬಾಗಿಲು ತೆರೆದಿಟ್ಟು ಅದು ಟೀಂವ್ ಟೀಂವ್ ಕೂಗುವ ಹಾಗೆ ಉಂಟಲ್ಲ!"

ಹರಿಣಿ ಬಾಯಿಗೆ ಕೈ ಅಡ್ಡ ಹಿಡಿದಳು. ಮೂರನೆಯ ಆವರ್ತನಕ್ಕೆ ಕೊರಗಣ್ಣನ ತಾಳ ತಾನಾಗಿ ಮೆಲ್ಲನೆ ಮೂರು, ಎರಡು, ಎರಡು ಹಾಕತೊಡಗಿತು. ಎಂಟನೆಯ ಆವರ್ತನ ಮುಗಿದು ಫೋನು ಮೌನವಾಯಿತು. ಕೊರಗಣ್ಣ ಫೋನಿನ ಕಡೆ ನೋಡಿದರು, ಕೈ ಮಾತ್ರ ನಿಲ್ಲಿಸಲಿಲ್ಲ. ತಾಳವೊಂದೇ ಏಳು ಎಣಿಸಿತು. ಮುಂದಿನ ಪೆಟ್ಟು ಬೀಳುವ ಹೊತ್ತಿಗೆ ಸರಿಯಾಗಿ ಮಟ್ಟು ಮರಳಿ ಬಂತು.

"ಓ! ಇದು ನೀವು ಆರತಿಗೆ ಬಾರಿಸುತ್ತಿದ್ದದ್ದಲ್ವಾ?" ಎಂದರು ಕೊರಗಣ್ಣ. "ನಡುವೆ ಒಂದು ಸುತ್ತು ತಾಳಕ್ಕೆ ಬಿಟ್ಟುಕೊಟ್ಟದ್ದು ಭಾರೀ ಚಂದ ಆಯ್ತು ನೋಡಿ. ಮೊದಲು ಹಾಗಿರಲಿಲ್ಲ ಅಲ್ವಾ?"

"ಇರಲಿಲ್ಲ" ಎಂದರು ಶೀಲಾವತಿ.

"ಅಕ್ಕ, ನನಗೂ ಕಳಿಸಿ ಆಯ್ತಾ" ಎಂದಳು ಹರಿಣಿ.

ಕಳಿಸಿದರು. ಬತ್ತಿ ಹತ್ತಿತು, ಜನ ಎದ್ದರು. ಶೀಲಾವತಿ ಗೋಡೆಗೆ ಕೈಯೂರಿ ಎದ್ದು ನಿಂತರು. ದಹಿಸರ್ ತಲುಪಲು ಇನ್ನೂ ಒಂದೂವರೆ ಗಂಟೆ ಇತ್ತು, ಸೀಟು ಸಿಕ್ಕಿದರೆ ಮಲಗಬಹುದು.