ಫಿಟ್ಟರ್ ಸಿದ್ದರಾಜು ಮಾಡದ ತಪ್ಪು

ಶಿವನಸಮುದ್ರದ ಬ್ಲಫ್‌ನ ವಿದ್ಯುತ್ ಕೇಂದ್ರದಲ್ಲಿ ಟರ್ಬೈನು ಸಣ್ಣಗೆ ಕೆಮ್ಮಿದರೆ ಸಾಕು, ರಜೆ ಹಾಕಿ ಮದ್ದೂರಿನಲ್ಲಿ ಮದುವೆ ಊಟಕ್ಕೆ ಕೂತಿದ್ದ ಸಿದ್ದರಾಜು ಎಲೆ ಬಿಟ್ಟು ಏಳುತ್ತಿದ್ದ. ಇದನ್ನು ನೂರು ಕಡೆ ಹೇಳಿದ್ದೇನೆ, ನೂರು ಕಡೆಯೂ ಜನ ನಕ್ಕಿದ್ದಾರೆ. ನಗಲಿ. ಅದೇ ಕೇಂದ್ರದ ಸ್ಟೋರಿನಲ್ಲಿ ನಾನು ಮೂವತ್ನಾಲ್ಕು ವರ್ಷ ಗುಮಾಸ್ತ, ಅವನು ಫಿಟ್ಟರ್. ಅವನು ಬಿಗಿದ ಬೋಲ್ಟನ್ನು ಬಿಚ್ಚಲು ಅವನೇ ಬರಬೇಕಿತ್ತು. ಉಳಿದವರು ಸ್ಪ್ಯಾನರಿಗೆ ಜೋತುಬಿದ್ದು ಉಯ್ಯಾಲೆ ಆಡಿ ಮನೆಗೆ ಹೋಗುತ್ತಿದ್ದರು.

ರಿಟೈರಾದ ಮೇಲೆ ಇಬ್ಬರೂ ಒಂದೇ ಇಳಿಜಾರು ಬೀದಿಯಲ್ಲಿ ಮನೆ ಕಟ್ಟಿಕೊಂಡೆವು. ಅವನ ಮನೆಯಲ್ಲಿ ಅವನು, ಹೆಂಡತಿ ವನಜಾ, ಎಂಬತ್ತೆರಡು ದಾಟಿದ ತಾಯಿ ಮರಿತಾಯಮ್ಮ. ಹದಿನಾರು ವರ್ಷದ ಬಿಳಿ ಕಾರೊಂದಿತ್ತು. ಮರಿತಾಯಮ್ಮನ ಸೊಂಟದ ಮೂಳೆ ಮುರಿದು ಕೂಡಿದ ಮೇಲೆ ಬಸ್ಸು ಹತ್ತುವುದಿರಲಿ, ಬೇರೆಯವರ ಕಾರಿಗೆ ಬಗ್ಗಿ ನುಗ್ಗಲೂ ಆಗುತ್ತಿರಲಿಲ್ಲ. ಅದಕ್ಕೆ ಸಿದ್ದರಾಜು ಮುಂದಿನ ಸೀಟನ್ನು ಬಿಚ್ಚಿ, ಬಾಗಿಲ ಕಡೆಗೆ ತಿರುಗುವಂತೆ ಮಾಡಿದ್ದ. ಮುದುಕಿ ಪಟ್ಟಕ್ಕೆ ಕೂರುವ ಮಹಾರಾಣಿಯಂತೆ ಕೂತರೆ, ಸೀಟು ತಾನಾಗಿ ಒಳಕ್ಕೆ ತಿರುಗುತ್ತಿತ್ತು.

ಸಿದ್ದರಾಜು ಇಪ್ಪತ್ತು ವರ್ಷದ ಹಿಂದೆ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದ. ಕಾರಿಗೆ ಕುಂಕುಮ ಹಚ್ಚುವುದು, ಚಕ್ರಕ್ಕೆ ನಿಂಬೆಹಣ್ಣು ಇಡುವುದು ಎಲ್ಲ ಬಂದ್. ಮರಿತಾಯಮ್ಮ ಒಂದು ವರ್ಷ ಗೊಣಗಿದಳು. ಆಮೇಲೆ, "ಆಯ್ತು ಬುಡಪ್ಪ, ನಿನ್ ಬುದ್ದಪ್ಪಂಗೆ ಕುಂಕುಮ ಆಗ್ದಿದ್ರೆ ನಂಗೂ ಬ್ಯಾಡ" ಎಂದು ಸುಮ್ಮನಾದಳು. ಸುಮ್ಮನಾದಳು ಎಂದು ನಾವು ಅಂದುಕೊಂಡೆವು.

ಹೋದ ವರ್ಷದ ಯುಗಾದಿಗೆ ಮುಂಚೆ, ಮಾಘ ಮಾಸದ ಒಂದು ಬೆಳಿಗ್ಗೆ ಯಲಿಯೂರಿನಿಂದ ಫೋನು ಬಂತು. ಮಾಡಿದವಳು ನಾಗಶ್ರೀ, ಮರಿತಾಯಮ್ಮನ ತಂಗಿ ಹೊಂಬಾಳಮ್ಮನ ಮಗಳು. "ಅಣ್ಣ, ಅವ್ವ ಗಂಜಿನೂ ಕುಡೀತಿಲ್ಲ. ದೊಡ್ಡವ್ವನ್ನ ಕರ್ಸಿ, ಕರ್ಸಿ ಅಂತ ಒಂದೇ ಸಮ್ಕೆ ಅಂತವ್ಳೆ. ನಾಳೆವರ್ಗೂ ಇದ್ರೆ ಎಚ್ಚು."

ಅಕ್ಕ ತಂಗಿ ಇಬ್ಬರೇ. ಒಂದೇ ಸೀರೆಯನ್ನು ಎರಡಾಗಿ ಹರಿದು ಉಟ್ಟು ಬೆಳೆದವರು. ಮರಿತಾಯಮ್ಮ ಆಗಲೇ ಸೆರಗು ಕಟ್ಟಿ ಬಾಗಿಲಿಗೆ ಬಂದು ನಿಂತಳು.

ಆದರೆ ಕಾರಿನ ಬ್ರೇಕು ಹದಿನೈದು ದಿನದಿಂದ ಅರಚುತ್ತಿತ್ತು. ಆ ಸದ್ದಿಗೆ ಶಿವನಸಮುದ್ರದ ಕಾಗೆಗಳೆಲ್ಲ ಕೊಳ್ಳೇಗಾಲಕ್ಕೆ ವಲಸೆ ಹೋಗಿದ್ದವು. ಚಕ್ರದ ಜೊತೆ ತಿರುಗುವ ಉಕ್ಕಿನ ತಟ್ಟೆಯನ್ನು ಎರಡು ಪ್ಯಾಡುಗಳು ಎರಡು ಕಡೆಯಿಂದ ಅಮುಕಿ ಹಿಡಿದರೆ ಕಾರು ನಿಲ್ಲುತ್ತದೆ. ಬ್ರೇಕಿನ ವೇದಾಂತ ಇಷ್ಟೇ. ಪ್ಯಾಡು ಪೂರ್ತಿ ಸವೆದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿತ್ತು. ಹೊಸ ತಟ್ಟೆ, ಪ್ಯಾಡು ಸಿದ್ದರಾಜು ಮಂಡ್ಯದಿಂದ ತಂದು ಮೂಲೆಯಲ್ಲಿ ಇಟ್ಟಿದ್ದ.

"ಗ್ಯಾರೇಜ್ನೋನ್ನ ಕರೀಲಾ" ಎಂದೆ.

"ನಿಲ್ದೆ ಇರೋ ಗಾಡೀಲಿ ಅವ್ವನ್ನ ಕೂರಿಸ್ಕೊಂಡು ಓಗಾಕಿಲ್ಲ. ಬೇರೆಯೋನ್ ಕೈ ಆಕಿದ್ ಬ್ರೇಕೂ ನಂಗೆ ನಂಬ್ಕೆ ಇಲ್ಲ. ಮೂರು ಗಂಟೆ ಕೆಲ್ಸ ಕಣ್ಲಾ. ಮಧ್ಯಾನ್ನ ಒಲ್ಟೇಬುಡನ" ಎಂದ.

ಅಂಗಳದಲ್ಲಿ ಕಾರನ್ನು ಜಾಕಿನಿಂದ ಎತ್ತಿ, ಅಡಿಗೆ ಮರದ ದಿಮ್ಮಿ ಕೊಟ್ಟು, ಮುಂದಿನ ಎರಡೂ ಚಕ್ರ ಬಿಚ್ಚಿದ. ಪ್ಯಾಡು ಹಿಡಿಯುವ ಕ್ಯಾಲಿಪರನ್ನು ಕಳಚಿ, ಅದರ ರಬ್ಬರ್ ಕೊಳವೆಗೆ ಭಾರ ಬೀಳದಂತೆ ತಂತಿಯಲ್ಲಿ ತೂಗುಹಾಕಿದ. ತೊಟ್ಟಿಲಿಗೆ ಕೂಸು ಹಾಕುವವರೂ ಅಷ್ಟು ಹುಷಾರಾಗಿರುವುದಿಲ್ಲ. ಹಳೆಯ ತಟ್ಟೆ ತುಕ್ಕಿಗೆ ಕಚ್ಚಿಕೊಂಡಿತ್ತು. ಸುತ್ತಲೂ ಸುತ್ತಿಗೆಯಿಂದ ತಟ್ಟಿ ತಟ್ಟಿ ಬಿಡಿಸಿದ. ಹೊಸ ತಟ್ಟೆಗೆ ತುಕ್ಕು ಹಿಡಿಯದಿರಲೆಂದು ಕಂಪನಿಯವರು ಗ್ರೀಸು ಬಳಿದಿರುತ್ತಾರೆ. ಅದು ಉಳಿದರೆ ಪ್ಯಾಡು ಜಾರುತ್ತದೆಂದು ಥಿನ್ನರಿನಲ್ಲಿ ಒಂದಲ್ಲ, ಮೂರು ಸಲ ಒರೆಸಿದ. ಜಗಲಿಯ ಮೇಲೆ ಕೂತು ನಾನೇ ಎಣಿಸಿದೆ. ಮೂರನೇ ಸಲದ ಬಟ್ಟೆ ನನ್ನ ಪಂಚೆಗಿಂತ ಬೆಳ್ಳಗಿತ್ತು.

"ಇನ್ನೊಂದು ಸಲ ಒರೆಸಿದ್ರೆ ತಟ್ಟೆ ತೂತಾಯ್ತದೆ" ಎಂದೆ.

"ನಿನ್ ಬಾಯಿ ಒರೆಸಾಕೆ ಉಳ್ಸಿದ್ದೀನಿ ಥಿನ್ನರ, ಬಾ" ಎಂದ.

ತಟ್ಟೆ ಕೂರಿಸಿ, ಹೊಸ ಪ್ಯಾಡು ಹಾಕಿ, ಕ್ಯಾಲಿಪರ್ ಬಿಗಿದ. ಚಕ್ರಗಳನ್ನು ಹಾಕುವುದಷ್ಟೇ ಬಾಕಿ. ವನಜಾ ಊಟಕ್ಕೆ ಕರೆದಳು. ನಾವಿಬ್ಬರೂ ಒಳಗೆ ಹೋಗಿ ಮುದ್ದೆ ನುಂಗಿ ಬಂದೆವು. ಬಂದವನೇ ಚಕ್ರ ಹಾಕಿ, ನಟ್ಟು ಬಿಗಿದು, ಪೆಡಲನ್ನು ತುಳಿದು ತುಳಿದು ಕಲ್ಲಿನಂತೆ ಗಟ್ಟಿಯಾಗುವವರೆಗೆ ನೋಡಿದ. "ಒಂದು ಸುತ್ತು ನೋಡ್ಕಬತ್ತೀನಿ, ಅವ್ವನ್ನ ರೆಡಿ ಮಾಡ್ಸು" ಎಂದು ವನಜಾಗೆ ಹೇಳಿ ಹೊರಟ.

ಬೀದಿಯ ತುದಿಯಲ್ಲಿ ಒಮ್ಮೆ ಬ್ರೇಕು ಹಿಡಿದ. ಜಾರಿದಂತಾಯಿತು. ಹೊಸ ಪ್ಯಾಡು ಹಾಗೆಯೇ. ಹತ್ತಿಪ್ಪತ್ತು ಸಲ ಹಿಡಿದ ಮೇಲೆ ಪಳಗುತ್ತದೆ. ಆ ವಿದ್ಯೆ ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದೇ ಕೆಟ್ಟಿತು, ಗೊತ್ತಿಲ್ಲದವನಾಗಿದ್ದರೆ ಹೆದರಿ ಅಲ್ಲೇ ನಿಲ್ಲಿಸುತ್ತಿದ್ದ. ಇಳಿಜಾರಿನ ನಡುವೆ ಎದುರಿಗೆ ಕಬ್ಬಿನ ಗಾಡಿ ಬಂತು. ತುಳಿದ. ಕಾರು ನಿಲ್ಲಲಿಲ್ಲ. ಕೈಬ್ರೇಕು ಎಳೆದ. ಕಾರು ಅಡ್ಡಕ್ಕೆ ತಿರುಗಿ ಹುಣಸೆ ಮರಕ್ಕೆ ಗುದ್ದಿತು. ಎತ್ತುಗಳು ಉಳಿದವು. ಸಿದ್ದರಾಜುವಿನ ಎಡತೊಡೆ ಎರಡು ಕಡೆ ಮುರಿಯಿತು.

ಕಬ್ಬಿನ ಗಾಡಿಯ ನಿಂಗಯ್ಯ ಯಾರದೋ ಟೆಂಪೋ ತಡೆದ. ಅದರಲ್ಲಿ ಹಾಸಿಗೆ ಹಾಸಿ ಸಿದ್ದರಾಜುವನ್ನು ಮಲಗಿಸಿದೆವು. ಪಕ್ಕದಲ್ಲಿ ಮರಿತಾಯಮ್ಮನನ್ನೂ ಚಾಪೆ ಸಮೇತ ಎತ್ತಿ ಕೂರಿಸಬೇಕಾಯಿತು. ಬಿಟ್ಟು ಹೋದರೆ ನಡೆದೇ ಬರುತ್ತೇನೆ ಎಂದಳು. ಮಂಡ್ಯದ ಆಸ್ಪತ್ರೆ ಮುಟ್ಟಿದಾಗ ಸಂಜೆಯಾಗಿತ್ತು. ಅಲ್ಲಿಂದ ಯಲಿಯೂರು ಕೂಗಿದರೆ ಕೇಳುವಷ್ಟು ಹತ್ತಿರ.

"ಇದೇ ಟೆಂಪೋದಲ್ಲಿ ಕರ್ಕೊಂಡು ಓಯ್ತೀನಿ ಬಾ ಕಣವ್ವ, ತಂಗಿ ಮಕ ನೋಡ್ಕೊಂಡು ಬಂದ್ಬುಡು" ಎಂದೆ.

"ಆಪರೇಸನ್ ಮನೆ ಒಳಗವ್ನೆ ನನ್ ಮಗ. ಅವ್ನು ಕಣ್ ಬುಡ್ಲಿ, ಓಗನ" ಎಂದಳು.

ಅವನು ಕಣ್ಣು ಬಿಟ್ಟದ್ದು ಬೆಳಗಿನ ಏಳಕ್ಕೆ. ಹೊಂಬಾಳಮ್ಮ ಕಣ್ಣು ಮುಚ್ಚಿದ್ದು ಆರಕ್ಕೆ. ಆ ಸುದ್ದಿ ಆಗ ನನ್ನ ಜೇಬಿನ ಫೋನಿನಲ್ಲಿತ್ತು, ನಾನಿನ್ನೂ ಯಾರಿಗೂ ಹೇಳಿರಲಿಲ್ಲ. ಮಂಚದ ಪಕ್ಕ ಕೂತ ಮರಿತಾಯಮ್ಮ ಮಗನ ತಲೆ ಸವರುತ್ತಾ ಪಿಸುಗುಟ್ಟಿದಳು:

"ನಾನ್ ಎಣ್ಣೆ ಸವರಿದ್ಕೆ ನಿನ್ ಜೀವ ಉಳ್ಕೊತು ಕಣ್ ಮಗ."

"ಯಾವ ಎಣ್ಣೆ ಅವ್ವ?"

"ಅದೇ ಒಸ ತಟ್ಟೆಗೆ. ನೀವು ಉಣ್ಣಾಕೆ ಕೂತಾಗ. ಮಚ್ಚಾಗ್ಲಿ, ಗುದ್ಲಿಯಾಗ್ಲಿ, ಒಸ ಕಬ್ಣ ಮನೇಗೆ ಬಂದ್ರೆ ಅಳ್ಳೆಣ್ಣೆ ಸವರ್ದೆ ಕೆಲ್ಸಕ್ಕೆ ಅಚ್ಚಬಾರ್ದು ಅಂತ ನಮ್ಮವ್ವ ಅಂತಿದ್ಲು. ಕುಂಕುಮ ಇಟ್ರೆ ನೀನು ಬೈತೀಯ. ಎಣ್ಣೆ ಆದ್ರೆ ಕಾಣಾಕಿಲ್ಲ. ಸ್ಟೂಲ್ ಮ್ಯಾಲೆ ಕೂತು ಎಲ್ಡೂ ತಟ್ಟೇಗೂ ಚೆನ್ನಾಗಿ ಸವರ್ದೆ."

ಬ್ರೇಕಿನ ತಟ್ಟೆಗೆ ಹರಳೆಣ್ಣೆ! ನನ್ನ ಬಾಯಿ ತಾನಾಗಿ ತೆರೆಯಿತು. ಅರವತ್ತೈದು ವರ್ಷ ತೆರೆದೇ ಅಭ್ಯಾಸವಾಗಿದ್ದ ಬಾಯಿ. ಸಿದ್ದರಾಜು ಹೊದಿಕೆಯ ಕೆಳಗಿನಿಂದ ನನ್ನ ಮಣಿಕಟ್ಟು ಹಿಡಿದ. ಅರಿವಳಿಕೆ ಇನ್ನೂ ಪೂರ್ತಿ ಇಳಿದಿರದ ಕೈ. ಆದರೂ ಅವನು ಬಿಗಿದ ಬೋಲ್ಟೇ ಅದು.

"ಮತ್ತೆ ಕಾರು ಯಾಕ್ಲಾ ನಿಲ್ನಿಲ್ಲ?" ಎಂದಳು ಮುದುಕಿ.

"ನಂದೇ ತಪ್ಪು ಕಣವ್ವ. ತಟ್ಟೆ ಮ್ಯಾಲೆ ಕಂಪ್ನಿಯೋರು ಬಳಿದಿದ್ದ ಗ್ರೀಸು ಒರೆಸೋದು ಮರ್ತ್‌ಬುಟ್ಟೆ."

ಆಮೇಲೆ ನಾನು ಹೊಂಬಾಳಮ್ಮನ ಸುದ್ದಿ ಹೇಳಲೇಬೇಕಾಯಿತು. ಮರಿತಾಯಮ್ಮ ಅಳಲಿಲ್ಲ. ಮಗನ ತಲೆಯ ಮೇಲಿದ್ದ ಕೈ ತೆಗೆದಳು. "ಒಂದ್ ಬಟ್ಟೆ ತಕ್ಕಂಡು ಒರೆಸಾಕಾಗ್ನಿಲ್ವಾ ನಿಂಗೆ? ನನ್ ತಂಗಿ ಮಕ ತಪ್ಪಿಸ್ಬುಟ್ಟಲ್ಲೋ" ಎಂದಳು. ಅಷ್ಟೇ. ಅವನೊಡನೆ ಅವಳು ಮಾತು ಬಿಟ್ಟದ್ದು ಅಲ್ಲಿಗೆ.

ಹದಿನಾಲ್ಕು ತಿಂಗಳು. ನೀರು ಬೇಕಾದರೆ ಗೋಡೆಗೆ ಹೇಳುತ್ತಿದ್ದಳು: "ಈ ಮನೇಲಿ ನೀರು ಕೊಡೋರು ಯಾರಾದ್ರೂ ಅವ್ರಾ?" ಕೋಲೂರಿಕೊಂಡು ಅವನು ತಂದರೆ ಚೊಂಬನ್ನು ನೆಲದ ಮೇಲೆ ಇಡಿಸಿ ಆಮೇಲೆ ಎತ್ತಿಕೊಳ್ಳುತ್ತಿದ್ದಳು. ಬಂದವರಿಗೆಲ್ಲ ಹೇಳುತ್ತಿದ್ದಳು, "ನಲವತ್ತೊರ್ಸ ಫಿಟ್ರಂತೆ! ಒಂದ್ ತಟ್ಟೆ ಒರೆಸಾಕೆ ಬರ್ನಿಲ್ಲ." ಮಳವಳ್ಳಿಯ ಗ್ಯಾರೇಜುಗಳಲ್ಲಿ ಹುಡುಗರು "ಸಿದ್ರಾಜಣ್ಣನ ತರ ಗ್ರೀಸು ಬುಟ್ಟೀಯ, ಉಸಾರು" ಎಂದು ತಮಾಷೆ ಮಾಡುವಷ್ಟು ಹರಡಿತು. ಅವನ ಕೈಯ ಖ್ಯಾತಿಯನ್ನು ನಾನು ಒಂದಕ್ಕೆ ಹತ್ತು ಮಾಡಿ ಊರೆಲ್ಲ ಹಂಚಿದ್ದೆ. ಅದು ಕರಗಲು ಒಂದು ವಾರವೂ ಬೇಕಾಗಲಿಲ್ಲ.

ಒಂದು ದಿನ ತಡೆಯಲಾಗದೆ, "ಯೇಳ್ಬುಡ್ಲಾ ಅತ್ಲಾಗೆ. ಇನ್ನೆಷ್ಟು ದಿನ?" ಎಂದೆ.

"ನನ್ ಮ್ಯಾಲೆ ಸಿಟ್ಟಾದ್ರೆ ಉಣ್ತಳೆ" ಎಂದ. "ತನ್ ಮ್ಯಾಲೇ ಸಿಟ್ಟಾದ್ರೆ ಉಣ್ಣಾಕಿಲ್ಲ."

ಮುರಿದ ತೊಡೆ ನೀವಿಕೊಳ್ಳುತ್ತಾ ಮತ್ತೆ ಹೇಳಿದ: "ಕುಂಕುಮ ಇಟ್ಟಿದ್ರೆ ನಂಗೆ ಕಾಣ್ತಿತ್ತು. ಕಾಣ್ದಂಗೆ ಮಾಡೋದ ಕಲ್ಸಿದೋನು ನಾನೇ ಅಲ್ವೇನ್ಲಾ?"

ನಾನು ಅವನ ಕೋಲು ಎತ್ತಿ ಕೈಗೆ ಕೊಟ್ಟೆ.

ಈ ವರ್ಷದ ಚೈತ್ರದಲ್ಲಿ ಮರಿತಾಯಮ್ಮ ಹಾಸಿಗೆ ಹಿಡಿದಳು. ಮೂರನೆಯ ದಿನ ಗಂಜಿ ಬೇಡವೆಂದಳು. ವನಜಾ ನನ್ನನ್ನು ಕೂಗಿ ಕರೆದಳು. ಹೋದಾಗ ಸಿದ್ದರಾಜು ತಾಯಿಯ ಕಾಲ ಬಳಿ ಕೂತಿದ್ದ. ಮುರಿದು ಕೂಡಿದ ಕಾಲು ಮಡಚಲು ಬಾರದೆ ನೀಡಿಕೊಂಡಿದ್ದ. ಮುದುಕಿ ಕಣ್ಣು ಬಿಟ್ಟು ಅವನನ್ನು ಬಹಳ ಹೊತ್ತು ನೋಡಿದಳು. ಗೋಡೆಗಲ್ಲ, ಅವನಿಗೇ ಹೇಳಿದಳು:

"ಓಗ್ಲಿ ಬುಡ್ಲಾ ಸಿದ್ದ. ಬೇಕು ಅಂತ ಮಾಡ್ನಿಲ್ವಲ್ಲ ನೀನು. ತಪ್ಪು ಎಲ್ರೂ ಮಾಡ್ತರೆ. ನಿನ್ ತಪ್ಪ ನಾನು ಒಟ್ಟೇಗೆ ಆಕ್ಕಂಡಿದ್ದೀನಿ. ಒಂಬಾಳಿ ಸಿಕ್ಕಿದ್ರೆ ನಾನೇ ಯೇಳ್ತೀನಿ, ಮಗ ಮರ್ತ ಕಣೇ ಅಂತ."

ನಾನು ಸಿದ್ದರಾಜುವಿನ ಮುಖ ನೋಡಿದೆ. ಈಗಲಾದರೂ ಹೇಳುತ್ತಾನೇನೋ ಎಂದು, ನಿಜ ಹೇಳಬೇಕೆಂದರೆ, ಆಸೆಪಟ್ಟೆ. ಅವನು ತಾಯಿಯ ಪಾದ ಎರಡನ್ನೂ ಕೈಯಲ್ಲಿ ಹಿಡಿದುಕೊಂಡ.

"ಊಂ ಕಣವ್ವ" ಎಂದ. "ತಪ್ಪಾಯ್ತು."

"ಇನ್ಮ್ಯಾಕಾದ್ರೂ ಒರೆಸಿ ಆಕು."

"ಒರೆಸಿ ಆಕ್ತೀನಿ ಕಣವ್ವ."

ಮುದುಕಿಗೆ ಸಮಾಧಾನವಾಯಿತು. ವನಜಾ ಕೊಟ್ಟ ಗಂಜಿಯನ್ನು ಅವನ ಕೈಯಿಂದ ಮೂರು ಚಮಚ ಕುಡಿದಳು, ನಾಲ್ಕನೆಯದಕ್ಕೆ ಬಾಯಿ ತೆರೆಯಲಿಲ್ಲ. ಸಿದ್ದರಾಜು ಚಮಚ ಹಿಡಿದುಕೊಂಡೇ ಇನ್ನೂ ಸ್ವಲ್ಪ ಹೊತ್ತು ಕಾದ.