ತಮ್ಮನ ಕ್ಯಾನಿಗೆ ಹಾಕಿದ ಕೊಸರು

ತೊಂಬತ್ತರ ನಂತರದ ಮಾತು. ಸೋಲಾಪುರದಲ್ಲಿ ನನ್ನ ಗಂಡ ಪ್ಲಾಸ್ಟಿಕ್ ಕ್ಯಾನು ಮಾಡುವ ಸಣ್ಣ ಕಾರಖಾನೆಯಲ್ಲಿದ್ದ. ಹಳೆಯ ಪ್ಲಾಸ್ಟಿಕ್ ಕರಗಿಸಿ ಅದಕ್ಕೆ ಕರಿ ಪುಡಿ ಬೆರೆಸುವುದು ಅವನ ಕೆಲಸ. ಆ ಪುಡಿಯ ನುಣುಪಿನ ಮುಂದೆ ಕಾಡಿಗೆಯೂ ರವೆ. ಉಗುರಿನ ಸಂದಿ ಹೊಕ್ಕರೆ ಸಾಬೂನಿಗೂ ಬಗ್ಗುತ್ತಿರಲಿಲ್ಲ, ಸೀನಿದರೆ ಟವಲು ಕರ್ರಗಾಗುತ್ತಿತ್ತು. ಪುಡಿಯಿಲ್ಲದ ಬಿಳಿ ಕ್ಯಾನು ಒಂದು ಬೇಸಗೆಗೇ ಹಪ್ಪಳ. ಕರಿಯದು ಬಿಸಿಲಿಗೆ ಜಗ್ಗುತ್ತಿರಲಿಲ್ಲ.

ನನ್ನ ತವರು ಅಕ್ಕಲಕೋಟೆಯ ಕಡೆ ನಾಗಣಸೂರು. ತಮ್ಮ ಕುರಿ ಕಾಯುವವನು. ಕುರಿ ಹೊಡೆದುಕೊಂಡು ದೂರ ಹೋಗುವಾಗ ಕುದುರೆಯ ಮೇಲೆ ಹೇರಲು ನೀರಿನ ಕ್ಯಾನು ಬೇಕೆಂದ. ಗಂಡ ತಾನೇ ನಿಂತು ಎರಡು ಮಾಡಿಸಿದ. ನಮ್ಮಲ್ಲಿ ನೆಂಟರಿಗೆ ಜೋಳ ಅಳೆದು ಕೊಟ್ಟರೆ ಮೇಲೊಂದು ಬೊಗಸೆ ಕೊಸರು ಹಾಕುತ್ತೇವೆ. ಅವನ ಕೈಗೂ ಅದೇ ರೂಢಿ. ಮಾಲಕ ಹೇಳಿದ ಅಳತೆಯ ಮೇಲೆ ಒಂದು ಬೊಗಸೆ ಪುಡಿ ಹೆಚ್ಚಿಗೆ ಸುರಿದ.

“ಅಕ್ಕನ್ನ ಕೊಟ್ಟಾಂವ ನೀ. ನಿನಗ ಕೊಸರು ಹಾಕಲಿಲ್ಲಂದ್ರ ಹ್ಯಾಂಗೋ? ನಿನಕಿಂತ ಕರ್ರಗ ಆಗ್ಯಾವ ನೋಡು,” ಎಂದ.

“ನನ್ನಂಗ ಗಟ್ಟಿನೂ ಇದ್ರ ಸಾಕು ಮಾಮಾ,” ಎಂದು ತಮ್ಮ ನಗುತ್ತ ಹೊತ್ತುಕೊಂಡು ಹೋದ.

ನೀರಿಲ್ಲದ ಮಾಳದಲ್ಲಿ ಕುದುರೆ ಎಡವಿತಂತೆ. ಎರಡೂ ಕ್ಯಾನು ಸೀಳಿಹೋದವು. ಆಗಷ್ಟೇ ಈದ ಕುರಿಗಳು, ಮೇಲೆ ಬಿಸಿಲು. ನೀರು ಸಿಗುವಷ್ಟರಲ್ಲಿ ಮರಿಗಳು ಸತ್ತಿದ್ದವು.

ತಮ್ಮ ಒಡೆದ ಚೂರೊಂದನ್ನು ತಂದು ನಮ್ಮ ಹೊಸ್ತಿಲ ಮೇಲೆ ಒಗೆದ. ಗಂಡ ಎತ್ತಿ ನೋಡಿದ. ಸೀಳಿದಲ್ಲಿ ಪುಡಿ ಬೆರೆಯದೆ ಗಂಟುಗಂಟಾಗಿತ್ತು. ಹಿಟ್ಟು ಹೆಚ್ಚಾಗಿ ನೀರು ಸಾಲದ ರೊಟ್ಟಿಯ ಹಾಗೆ.

“ಅಕ್ಕಾ, ಬ್ಯಾರೆ ಮಂದಿಗಿ ಕೊಟ್ಟದ್ದು ಛಲೋ ಅದಾವ. ನನಗಷ್ಟೇ ಹಾಳ ಮಾಲ ಕೊಟ್ಟಾನ ನಿನ್ನ ಗಂಡ.”

“ಹಾಳಲ್ಲೋ. ನೀ ನಮ್ಮಾಂವ ಅಂತ ಪುಡಿ ಹೆಚ್ಚು ಹಾಕ್ಯಾನ. ಅದಕ್ಕ ಒಡದಾವ.”

“ಹೆಚ್ಚು ಹಾಕಿದ್ರ ಒಡೀತಾವೇನು? ಕುರಿ ಕಾಯಾವಗ ಏನ್ ಹೇಳಿದ್ರೂ ನಡೀತದ ಅಂತ ತಿಳದೀಯೇನು?”

ನೀರು ಕೊಟ್ಟೆ. ತಮ್ಮ ಮುಟ್ಟದೆ ಎದ್ದು ಹೋದ. ಗಂಡ ಚೂರು ಹಿಡಿದುಕೊಂಡು ಕೂತೇ ಇದ್ದ.

ಆಮೇಲೆ ಗಂಡ ಜೋಳ ಅಳೆದರೂ ಸೇರಿನ ಬಾಯಿ ಕೈಯಿಂದ ಸಮ ಸವರಿ ಕೊಡುತ್ತಿದ್ದ. ಕೊಸರು ಹಾಕಲಿಲ್ಲ, ನೆಂಟರು ಆಡಿಕೊಂಡರು.

ನಾಗರ ಪಂಚಮಿಗೆ ನನ್ನನ್ನು ತವರಿಗೆ ಕರೆದೊಯ್ಯಲು ತಮ್ಮನೇ ಬರಬೇಕು. ಆ ವರ್ಷ ಬರಲಿಲ್ಲ, ಮರುವರ್ಷವೂ ಇಲ್ಲ. ಕರೆಯದ ತವರಿಗೆ ಹೋಗುವವಳು ನಾನಲ್ಲ. ಅವನು ಕರೆಯಲು ಬಂದರೆ ಉಡಲೆಂದು ಸೀರೆ ಮಡಚಿ ಚೀಲದಲ್ಲಿ ಇಟ್ಟಿದ್ದೆ. ಮೂರನೆಯ ಪಂಚಮಿಗೆ ಅದನ್ನು ತೆಗೆದು ಮನೆಯಲ್ಲೇ ಉಟ್ಟೆ.